ಹಗಲು ನಿದ್ದೆ

ನಮ್ಮ ಕಡೆ ಮಗುವಿನ ಬೆಳವಣಿಗೆಯ ಒಂದೊಂದು ಹಂತಕ್ಕೂ ಒಂದೊಂದು ಶಾಸ್ತ್ರವುಂಟು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ನೆರೆದು ಹಾಡು ಹೇಳುತ್ತಾರೆ. ಬಂದವರಿಗೆಲ್ಲ ಗುಗ್ಗರಿ ಹಂಚುತ್ತಾರೆ. ಜಾವಳ ತೆಗೆಸಲು ಮನೆದೇವರ ಗುಡಿಗೆ ಹೋಗಿಬರುತ್ತಾರೆ. ಅಂಬೆಗಾಲಿಟ್ಟ ಕೂಸು ಹೊಸ್ತಿಲು ದಾಟಿದರೆ ಆ ದಿನ ಮನೆಯಲ್ಲಿ ಸಿಹಿ ಅಡಿಗೆ. ಮೊದಲ ಹಲ್ಲು ಕಂಡದ್ದು, ಮೊದಲ ಮಾತು ಆಡಿದ್ದು ತಾಯಿಗೆ ಮುಪ್ಪಿನಲ್ಲಿಯೂ ನೆನಪಿರುತ್ತದೆ. ಆದರೆ ಮಗು ಹಗಲು ನಿದ್ದೆಯನ್ನು ಬಿಟ್ಟ ದಿನಕ್ಕೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ಅದನ್ನು ಯಾರೂ ನೆನಪಿಡುವುದೂ ಇಲ್ಲ. ನಾನೂ ಅದರ ಬಗ್ಗೆ ಯೋಚಿಸಿದವನಲ್ಲ. ಹೋದ ಬೇಸಗೆಯಲ್ಲಿ ನನ್ನ ಮೊಮ್ಮಗಳು ನನ್ನನ್ನು ಯೋಚಿಸುವಂತೆ ಮಾಡಿದಳು.

ಅವಳಿಗೆ ಆಗ ಮೂರೂವರೆ ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಬೈಲಹೊಂಗಲದ ನಮ್ಮ ಮನೆಯಲ್ಲಿ ಹಗಲೆಲ್ಲ ಅವಳು, ನಾನು ಮತ್ತು ನನ್ನ ಪತ್ನಿ ಮೂವರೇ. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ನಾನು ಹೊಸದಾಗಿ ಕಲಿತ ವಿದ್ಯೆ ಒಂದೇ. ಅದು ಹಗಲು ನಿದ್ದೆ. ಜೋಳದ ರೊಟ್ಟಿ ಉಂಡು, ಒಂದು ಲೋಟ ಮಜ್ಜಿಗೆ ಕುಡಿದು, ಪಡಸಾಲೆಯ ತಂಪಿನಲ್ಲಿ ಕೌದಿ ಹಾಸಿದರೆ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಮಗ್ಗುಲಲ್ಲಿ ಮೊಮ್ಮಗಳು ಮಲಗುತ್ತಿದ್ದಳು. ಆ ಬೇಸಗೆಯಲ್ಲಿ ಇದ್ದಕ್ಕಿದ್ದಂತೆ ಅವಳು ಈ ಒಪ್ಪಂದವನ್ನು ಮುರಿದಳು. ಅವಳು ಇಳಿಯುತ್ತಿದ್ದ ಬಂಡಿಯನ್ನು ನಾನು ಆಗಷ್ಟೇ ಹತ್ತಿದ್ದೆ.

"ಮಕ್ಕೋ ಯವ್ವಾ, ಹೊರಗ ಬಿಸಲೈತಿ" ಎಂದರೆ, "ನನಗ ನಿದ್ದಿ ಬಂದಿಲ್ಲಜ್ಜಾ, ನೀ ಮಕ್ಕೋ" ಎನ್ನುವಳು. ಕಥೆ ಹೇಳಿ ಮಲಗಿಸೋಣವೆಂದು ನಾನು ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಆರಂಭಿಸಿದೆ. ಮಳೆ ಬಂತು, ಕಾಗಕ್ಕನ ಮನೆ ಕೊಚ್ಚಿಹೋಯಿತು, ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ಬಡಿಯಿತು. ಅಲ್ಲಿಗೆ ನನಗೇ ನಿದ್ದೆ ಹತ್ತಿತು. ಸ್ವಲ್ಪ ಹೊತ್ತಿನಲ್ಲಿ ಎರಡು ಪುಟ್ಟ ಬೆರಳುಗಳು ನನ್ನ ಕಣ್ಣಿನ ರೆಪ್ಪೆಯನ್ನು ಮೇಲೆತ್ತಿದವು. "ಅಜ್ಜಾ, ಗುಬ್ಬಕ್ಕ ಬಾಗಲಾ ತಗೀತೋ ಇಲ್ಲೋ?" ಎಂಬ ಪ್ರಶ್ನೆ ಕಿವಿಯ ಹತ್ತಿರವೇ ಕೇಳಿಸಿತು. ಕಾಗಕ್ಕ ಮಳೆಯಲ್ಲಿ ನೆನೆಯುತ್ತ ನಿಂತಿರುವಾಗ ನಿದ್ದೆ ಮಾಡುವ ಅಜ್ಜನ ವಿಷಯದಲ್ಲಿ ಅವಳಿಗೆ ಒಳ್ಳೆಯ ಅಭಿಪ್ರಾಯವಿದ್ದಂತೆ ತೋರಲಿಲ್ಲ.

ಹೀಗೆ ಮಧ್ಯಾಹ್ನವನ್ನು ಗೆದ್ದವಳು ಸಂಜೆಗೆ ಸೋಲುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಕಾರಣವಿಲ್ಲದೆ ಅಳು. ಕೈಯಲ್ಲಿ ರೊಟ್ಟಿಯ ಚೂರು ಹಿಡಿದಂತೆಯೇ ತೂಕಡಿಕೆ. ಒಂದು ದಿನ ಮಲಗುವಳು, ಎರಡು ದಿನ ಮಲಗಳು. ಗದರಿಸಿ ನೋಡಿದೆವು, ಮುದ್ದಿಸಿ ನೋಡಿದೆವು. ಕಡೆಗೆ ನಾನು ಸೋತು, ಮಾಸ್ತರರ ಹಳೆಯ ಚಟದಂತೆ, ಈ ವಿಷಯದಲ್ಲಿ ತಿಳಿದವರು ಏನು ಹೇಳುತ್ತಾರೆಂದು ಓದಲು ಕುಳಿತೆ.

ಆಗ ತಪ್ಪು ಮೊಮ್ಮಗಳದಲ್ಲವೆಂದು ತಿಳಿಯಿತು. ಹುಟ್ಟಿದ ಹೊಸತರಲ್ಲಿ ಕೂಸಿಗೆ ದಿನಕ್ಕೆ 14ರಿಂದ 17 ಗಂಟೆಗಳ ನಿದ್ದೆ ಬೇಕು; ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆಗಳು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಬಹಳಷ್ಟು ಮಕ್ಕಳು ಮೂರರಿಂದ ಐದು ವರ್ಷಗಳ ನಡುವೆ ಹಗಲು ನಿದ್ದೆಯನ್ನು ಬಿಡುತ್ತವೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ನಿದ್ದೆಯ ಬಯಕೆ ಮಿದುಳಿನಲ್ಲಿ ಹನಿಹನಿಯಾಗಿ ಕೂಡುತ್ತ ಹೋಗುತ್ತದೆ. ಎಳೆಯ ಮಿದುಳು ಚಿಕ್ಕ ಗಿಂಡಿಯಂತೆ. ಮಧ್ಯಾಹ್ನಕ್ಕೇ ತುಂಬಿ ತುಳುಕುತ್ತದೆ. ಮಿದುಳು ಬೆಳೆದಂತೆ ಗಿಂಡಿ ಹೋಗಿ ಕೊಡವಾಗುತ್ತದೆ. ಅದು ತುಂಬಲು ರಾತ್ರಿಯಾಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 40 ಮಕ್ಕಳಿಗೆ ಬೆಳಿಗ್ಗೆ ಚಿತ್ರಗಳ ಸ್ಥಾನವನ್ನು ನೆನಪಿಡುವ ಆಟವನ್ನು ಕಲಿಸಿ, 2013ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮಧ್ಯಾಹ್ನ ಮಲಗಿದ ದಿನ ಮಕ್ಕಳಿಗೆ ಆಟ ಹೆಚ್ಚು ನೆನಪಿತ್ತು. ದಿನವೂ ಮಲಗುವ ರೂಢಿಯಿದ್ದ ಮಕ್ಕಳಲ್ಲಿ ಈ ಲಾಭ ಎದ್ದು ಕಾಣುತ್ತಿತ್ತು. ಆದ್ದರಿಂದ ನಿದ್ದೆ ಬೇಕಾದ ಮಗುವನ್ನು ಎಬ್ಬಿಸುವುದೂ ಸಲ್ಲ, ಬೇಡವಾದ ಮಗುವನ್ನು ಬಡಿದು ಮಲಗಿಸುವುದೂ ಸಲ್ಲ. ನಡುವಿನ ಕೆಲವು ತಿಂಗಳು ಮಗು ಅತ್ತ ದರಿ ಇತ್ತ ಪುಲಿ ಎಂಬಂತಿರುತ್ತದೆ. ಆಗ ರಾತ್ರಿ ಬೇಗ ಉಣಿಸಿ ಬೇಗ ಮಲಗಿಸಿದರೆ ಸಾಕು.

ಇಷ್ಟು ತಿಳಿದ ಮೇಲೆ ವಿಷಯ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಹಗಲು ನಿದ್ದೆ ಹೋದುದರಿಂದ ಮಗುವಿಗೆ ಏನಾಗುತ್ತದೆ ಎಂಬುದನ್ನು ಪುಸ್ತಕಗಳು ಹೇಳಿದವು. ಆ ನಿದ್ದೆಯನ್ನು ನೆಚ್ಚಿಕೊಂಡಿದ್ದ ಉಳಿದವರ ಗತಿಯೇನೆಂದು ನಾನು ಬೇರೆ ಕಡೆ ತಿಳಿಯಬೇಕಾಯಿತು.

ನೌಕರಿಯ ನಿಮಿತ್ತ ನಾನು ಈ ಸೀಮೆಯ ನಾಲ್ಕು ಊರುಗಳ ಸುತ್ತ ತಿರುಗಿದವನು. ಕಿತ್ತೂರಿನ ಕಡೆ ಭತ್ತದ ಹೊಲದಲ್ಲಿ ಕಳೆ ತೆಗೆಯುವ ತಾಯಂದಿರು ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವುದನ್ನು ಕಂಡಿದ್ದೇನೆ. ಒಂದು ಸಾಲು ಮುಗಿಸಿ ಬಂದು ಒಮ್ಮೆ ತೂಗುವುದು, ಮತ್ತೆ ಮುಂದಿನ ಸಾಲಿಗೆ ಹೋಗುವುದು. ಸವದತ್ತಿಯಲ್ಲಿ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಬರುವ ಕೊಲ್ಲಾರಿ ಬಂಡಿಗಳಲ್ಲಿ, ಎತ್ತಿನ ಕೊರಳ ಗಂಟೆಯ ನಾದಕ್ಕೆ ಮಕ್ಕಳು ಮೈಮರೆತು ಮಲಗಿರುತ್ತಿದ್ದವು. ರಾಮದುರ್ಗದ ನೇಕಾರರ ಓಣಿಯಲ್ಲಿ ಬಾಡಿಗೆಗೆ ಇದ್ದಾಗ ಒಂದು ವಿಚಿತ್ರವನ್ನು ಕಂಡೆ. ಮಗ್ಗದ ಸದ್ದಿಗೆ ಕೂಸು ಮಲಗುತ್ತಿತ್ತು. ಲಾಳಿಯ ನೂಲು ತೀರಿ ಮಗ್ಗ ನಿಂತರೆ ಬೆಚ್ಚಿ ಏಳುತ್ತಿತ್ತು. ಬೈಲಹೊಂಗಲದ ಉಳ್ಳವರ ಮನೆಗಳಲ್ಲಿ ಚಿತ್ರ ಬರೆದ ಕಲಘಟಗಿಯ ತೊಟ್ಟಿಲು ಪಡಸಾಲೆಯ ತೊಲೆಗೆ ತೂಗಾಡುತ್ತಿತ್ತು. ತೊಟ್ಟಿಲಿರಲಿ, ಜೋಲಿಯಿರಲಿ, ಕೂಸು ಕಣ್ಣು ಮುಚ್ಚಿದ ಒಂದೆರಡು ತಾಸುಗಳಲ್ಲಿಯೇ ಹೊಲದ ಕಳೆ ಹೋಗಬೇಕು, ಸೀರೆಯ ಮೊಳ ಬೆಳೆಯಬೇಕು, ಮನೆಯ ಹಿಟ್ಟು ಸಿದ್ಧವಾಗಬೇಕು. ಮಗುವಿನ ನಿದ್ದೆ ಮಗುವೊಂದರ ಸೊತ್ತಲ್ಲ. ಅದರ ನೆರಳಿನಲ್ಲಿ ಇನ್ನೊಬ್ಬರ ಬದುಕು ನಡೆದಿರುತ್ತದೆ.

ಇದನ್ನು ನನಗೆ ಮನದಟ್ಟಾಗುವಂತೆ ತಿಳಿಸಿದವಳು ನನ್ನ ಅಕ್ಕ. ನನಗಿಂತ ಏಳು ವರ್ಷ ಹಿರಿಯಳು. ರಾಮದುರ್ಗದ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣುಮಗಳು. ಅದೇ ಬೇಸಗೆಯಲ್ಲಿ ಹದಿನೈದು ದಿನ ಇದ್ದುಹೋಗಲು ತವರಿಗೆ ಬಂದಿದ್ದಳು. ಮಲಗಲೊಲ್ಲದ ಮೊಮ್ಮಗಳೊಡನೆ ನಾನು ಹೆಣಗುತ್ತಿದ್ದುದನ್ನು ಬಾಗಿಲಿಗೆ ಒರಗಿ ನೋಡುತ್ತ ಕುಳಿತವಳು ಒಮ್ಮೆಲೇ ನಕ್ಕು, "ಇದೂ ನಿನ್ನಂಗ ನೋಡು ತಮ್ಮಾ. ನೀನೂ ಇಷ್ಟ ಇದ್ದಿ. ನೀ ನಿದ್ದಿ ಬಿಟ್ಟಿ, ನಾ ಸಾಲಿ ಬಿಟ್ನಿ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು.

ಅದು 1964ರ ಮಾತು. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ನಮ್ಮ ಹಳ್ಳಿಯ ಶಾಲೆ ಹಣಮಂತದೇವರ ಗುಡಿಯ ಪೌಳಿಯಲ್ಲಿ ನಡೆಯುತ್ತಿತ್ತು. ಅಪ್ಪ, ಅವ್ವ ಬೆಳಕು ಹರಿಯುವ ಮುನ್ನ ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಮನೆಯಲ್ಲಿ ಉಳಿದವರು ಕಣ್ಣಿಗೆ ಪೊರೆ ಬಂದ ಆಯಿ, ಎಂದರೆ ನಮ್ಮ ತಂದೆಯ ತಾಯಿ. ನಾನು ಮತ್ತು ಅಕ್ಕ. ಎಚ್ಚರವಿದ್ದ ನನ್ನನ್ನು ಹಿಡಿಯುವುದು ಆಯಿಯಿಂದ ಆಗದು. ಮಲಗಿದ ಕೂಸನ್ನಾದರೆ ಮೈಮೇಲೆ ಕೈಯಿಟ್ಟುಕೊಂಡು ಕಾಯಬಲ್ಲಳು. ಆದ್ದರಿಂದ ಬೆಳಗಿನ ಶಾಲೆ ಅಕ್ಕನಿಗೆ ಇರಲಿಲ್ಲ. ಮಧ್ಯಾಹ್ನ ನನಗೆ ಉಣಿಸಿ, ಬೆನ್ನು ತಟ್ಟಿ ಮಲಗಿಸಿ, ಆಯಿಯ ಕೈಯನ್ನು ತಂದು ನನ್ನ ಮೇಲಿಟ್ಟು, ಪಾಟಿಯನ್ನು ಎತ್ತಿಕೊಂಡು ಓಡುತ್ತಿದ್ದಳಂತೆ. ನನ್ನ ನಿದ್ದೆ ಎಷ್ಟೋ, ಅವಳ ಶಾಲೆಯೂ ಅಷ್ಟೇ. "ದೇವರೇ, ಇವತ್ತ ಕೂಸು ಸಂಜೀತನಕ ಮಲಗಲಿ ಅಂತ ಹಣಮಂತಗ ಬೇಡಕೋತಿದ್ನಿ" ಎಂದು ಅಕ್ಕ ನಕ್ಕಳು.

ಆ ವರ್ಷ ದೀಪಾವಳಿಯಾದ ಮೇಲೆ ನಾನು ಮಲಗುವುದನ್ನು ಬಿಟ್ಟೆ. ಮೊದಲು ಕಣ್ಣು ಮುಚ್ಚಿ, ಅಕ್ಕ ಹೊರಟ ಮೇಲೆ ಎದ್ದೆನಂತೆ. ಒಂದು ದಿನ ಆಯಿಯ ಕೈಯಿಂದ ಜಾರಿ ಹಿತ್ತಲಿಗೆ ಹೋಗಿ, ಕಟ್ಟೆಯಿಲ್ಲದ ಬಾವಿಯ ಹತ್ತಿರ ನಿಂತಿದ್ದ ನನ್ನನ್ನು ನೀರಿಗೆ ಬಂದ ನೆರೆಮನೆಯಾಕೆ ಎತ್ತಿ ತಂದಳು. ಮರುದಿನದಿಂದ ಅಕ್ಕ ನನ್ನನ್ನು ಬಗಲಲ್ಲಿಟ್ಟುಕೊಂಡೇ ಶಾಲೆಗೆ ಹೋದಳು. ನಾನು ಅಲ್ಲಿ ಅತ್ತೆ, ಓಡಿದೆ, ಇನ್ನೊಬ್ಬರ ಪಾಟಿ ಒಡೆದೆ. ಕೂಸಿನೊಂದಿಗೆ ಬರಬೇಡವೆಂದು ಶಾಲೆಯಲ್ಲಿ ಹೇಳಿದರು. ಹೆಣ್ಣುಮಗಳಿಗೆ ಇಷ್ಟು ಸಾಕೆಂದು ಮನೆಯಲ್ಲಿ ಹೇಳಿದರು. ಅಕ್ಕನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಕಾಗುಣಿತ ಮುಗಿದಿತ್ತು, ಒತ್ತಕ್ಷರ ಇನ್ನು ಆರಂಭವಾಗಬೇಕಾಗಿತ್ತು.

ಆಗ ನನಗೆ ಅನೇಕ ವರ್ಷಗಳ ಒಂದು ಒಗಟು ಬಿಡಿಸಿದಂತಾಯಿತು. ಬಸ್ ನಿಲ್ದಾಣದಲ್ಲಿ ಅಕ್ಕ ಬಸ್ಸಿನ ಫಲಕವನ್ನು ಓದುವ ಬಗೆಯೇ ಬೇರೆ. 'ಬೈಲಹೊಂಗಲ' ಎಂಬುದನ್ನು ತಡೆಯಿಲ್ಲದೆ ಓದುವಳು. 'ಕಿತ್ತೂರು', 'ಸವದತ್ತಿ', 'ರಾಮದುರ್ಗ' ಬಂದರೆ ನನ್ನ ಮುಖ ನೋಡುವಳು. ಮುಪ್ಪಿಗೆ ಕಣ್ಣು ಮಂಜಾಗಿದೆಯೆಂದು ನಾನು ತಿಳಿದಿದ್ದೆ. ಈ ನಾಲ್ಕು ಹೆಸರುಗಳಲ್ಲಿ ಒತ್ತಕ್ಷರವಿಲ್ಲದ ಹೆಸರು ತವರಿನದೊಂದೇ ಎಂಬುದು ಕನ್ನಡ ಎಂ.ಎ. ಮಾಡಿದ ನನಗೆ ಹೊಳೆದಿರಲಿಲ್ಲ! ಸಾವಿರಾರು ಮಕ್ಕಳ ಒತ್ತಕ್ಷರಗಳನ್ನು ತಿದ್ದಿದ ಈ ಕೈ ಮನೆಯಲ್ಲಿದ್ದ ಒಬ್ಬಳನ್ನು ಮರೆತಿತ್ತು.

ಅಕ್ಕನ ಮಾತಿನಲ್ಲಿ ದೂರು ಇರಲಿಲ್ಲ. ನನ್ನನ್ನು ಹೊತ್ತ ಬಗಲನ್ನು ಅವಳು ಪ್ರೀತಿಯಿಂದಲೇ ನೆನೆದಳು. ಮೂರೂವರೆ ವರ್ಷದ ಕೂಸು ಬೆಳೆದು ಎಚ್ಚರಗೊಂಡದ್ದು ಅಪರಾಧವಲ್ಲವೆಂದು ನನಗೂ ಗೊತ್ತು. ಆ ಎಚ್ಚರವನ್ನು ಕಾಯಲು ಹನ್ನೊಂದು ವರ್ಷದ ಹುಡುಗಿಯನ್ನು ಬಿಟ್ಟು ಊರಿನಲ್ಲಿ ಬೇರೆ ವ್ಯವಸ್ಥೆ ಇರಲಿಲ್ಲ, ತಪ್ಪು ಅದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲ ಅಂಗನವಾಡಿಗಳು ತೆರೆದವು. ಕಾಲಕ್ರಮದಲ್ಲಿ ಅವು ನಮ್ಮ ಹಳ್ಳಿಗಳಿಗೂ ಬಂದವು. ಕೂಲಿಗೆ ಹೋಗುವ ತಾಯಂದಿರ ಎಳೆಯ ಕೂಸುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಸಾರಿತು. ಅಂಗನವಾಡಿಯ ಮುಂದೆ ಹಾದುಹೋಗುವಾಗ ಜಮಖಾನದ ಮೇಲೆ ಸಾಲಾಗಿ ಮಲಗಿದ ಮಕ್ಕಳನ್ನೂ, ನಿದ್ದೆ ಬಾರದೆ ಮೂಲೆಯಲ್ಲಿ ಪಿಸುಗುಟ್ಟುವ ಒಂದಿಬ್ಬರನ್ನೂ ಈಗ ನಿಂತು ನೋಡುತ್ತೇನೆ. ಈ ಹೊತ್ತಿನಲ್ಲಿ ಇವರ ಅಕ್ಕಂದಿರು ಶಾಲೆಯಲ್ಲಿದ್ದಾರೆ ಎಂದು ಮನಸ್ಸು ಹಗುರಾಗುತ್ತದೆ. ನಿಮ್ಮ ಓಣಿಯಲ್ಲಿ ತಮ್ಮನನ್ನೋ ತಂಗಿಯನ್ನೋ ಬಗಲಲ್ಲಿಟ್ಟುಕೊಂಡು ಶಾಲೆಯ ಹೊತ್ತಿನಲ್ಲಿ ಮನೆಯ ಮುಂದೆ ನಿಂತ ಹುಡುಗಿ ಇದ್ದರೆ, ಅವಳು ಏಕೆ ಬರಲಿಲ್ಲವೆಂದು ಒಮ್ಮೆ ಕೇಳಿರಿ.

ಮರುದಿನ ಪೇಟೆಗೆ ಹೋಗಿ ಒಂದು ಪಾಟಿ ತಂದೆ. ಮೊಮ್ಮಗಳಿಗೆಂದು ಹೇಳಿದೆ. ಊಟವಾದ ಮೇಲೆ ಪತ್ನಿ ಒಳಗೆ ಮಲಗಿದಳು. ಪಡಸಾಲೆಯಲ್ಲಿ ನಾವು ಮೂವರು ಎಚ್ಚರವಾಗಿದ್ದೆವು. ಮೊಮ್ಮಗಳು ಒಂದು ಬದಿಗೆ ಕಾಗಕ್ಕನನ್ನು ಗೀಚಿದಳು. ಮತ್ತೊಂದು ಬದಿಗೆ ನಾನು 'ತ' ಬರೆದು ಅದರ ಕೆಳಗೆ ಒತ್ತು ಕೊಟ್ಟೆ. ಅಕ್ಕ ಕನ್ನಡಕ ಸರಿಪಡಿಸಿಕೊಂಡು ಬಾಗಿ ನೋಡಿದಳು.

"ಕೂಸ ಹೊತ್ತ ಅಕ್ಷರ ಇದು" ಎಂದಳು.

ನಾನು 'ಸವದತ್ತಿ' ಎಂದು ಬರೆದೆ. ಅವಳು ಬೆರಳಿಟ್ಟು, ನಿಧಾನವಾಗಿ, ಒತ್ತಿನ ಹತ್ತಿರ ಬಂದು ನಿಂತು, ಮತ್ತೆ ಹೊರಟು, ಪೂರ್ತಿ ಓದಿದಳು. "ಅವ್ವ ಅಂತ ಬರೀಬೇಕಾದ್ರೂ ಇದ ಬೇಕೇನ?" ಎಂದು ಕೇಳಿದಳು. ಹೌದೆಂದೆ. ಅವಳು ಏನೂ ಹೇಳದೆ ಬಳಪ ತೆಗೆದುಕೊಂಡಳು. ಮೂರು ಸಲ ಬರೆದಳು, ಅಂಗೈಯಿಂದ ಒರೆಸಿದಳು. ಅಷ್ಟರಲ್ಲಿ ಎಷ್ಟೋ ದಿನಗಳಿಂದ ಹಗಲು ಮಲಗದ ಮೊಮ್ಮಗಳು ಅಕ್ಕನ ತೊಡೆಗೆ ತಲೆಯಿಟ್ಟು ನಿದ್ದೆಹೋಗಿದ್ದಳು. ಅಕ್ಕ ಎಡಗೈಯನ್ನು ಅವಳ ಬೆನ್ನ ಮೇಲಿಟ್ಟು, ಬಲಗೈಯಿಂದ ಪಾಟಿಯನ್ನು ನನ್ನ ಕಡೆ ಸರಿಸಿ, ಮೆಲ್ಲಗೆ ಹೇಳಿದಳು:

"ಕೂಸು ಮಲಗೇತಿ ತಮ್ಮಾ. ಏಳೂದ್ರೊಳಗ ಇನ್ನೊಂದು ಅಕ್ಷರ ಹೇಳಿಕೊಡು."