ಕುಳ್ಳೂ ನನ್ನ ಪಿಎಚ್.ಡಿ.ಯೂ

ಮದುವೆಯಾದ ಹೊಸದರಲ್ಲಿ ಕಂಡ ಕಂಡ ನೆಂಟರೆಲ್ಲ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಏನಮ್ಮಾ, ಏನಾದರೂ ವಿಶೇಷ?" ಎನ್ನುತ್ತಿದ್ದರು. ಆ ಪ್ರಶ್ನೆಯಿಂದ ಪಾರಾಗಿ ಇಪ್ಪತ್ತು ವರ್ಷ ನೆಮ್ಮದಿಯಾಗಿದ್ದೆ. ಸುಮ್ಮನಿರಲಾರದೆ ನಲವತ್ತೊಂದನೆಯ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೇ ತಡ, ಅದೇ ಮುಖಗಳು, ಅದೇ ಧಾಟಿ: "ಏನಮ್ಮಾ, ಥೀಸಿಸ್ ಎಲ್ಲಿಗೆ ಬಂತು?" ಮೊದಲನೆಯ ಪ್ರಶ್ನೆಗಾದರೂ ಒಂಬತ್ತು ತಿಂಗಳೆಂಬ ಲೆಕ್ಕವಿತ್ತು. ಇದಕ್ಕೆ ಅದೂ ಇಲ್ಲ. ನಾಲ್ಕು ವರ್ಷ ಕಳೆದಾಗ ನನ್ನ ಬಳಿ ಇದ್ದದ್ದು ಒಂದು ತಗಡಿನ ಪೆಟ್ಟಿಗೆ ತುಂಬ ಜೆರಾಕ್ಸ್ ಪ್ರತಿಗಳು ಮತ್ತು ಅವಧಿ ವಿಸ್ತರಿಸಬೇಕೆಂದು ಕೋರಿದ ಎರಡು ಅರ್ಜಿಗಳ ನಕಲು.

ವಿಷಯ ಬಳ್ಳಾರಿ ಸೀಮೆಯ ಬೂದಿದಿಬ್ಬಗಳು. "ಬೂದಿಯ ಮೇಲೆ ಪಿಎಚ್.ಡಿ.ಯೇ?" ಎಂದು ನಗುವವರಿಗೆ ಒಂದು ಮಾತು ಹೇಳಿಬಿಡಬೇಕು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಹತ್ತಿರ ಅಂಥದೊಂದು ದಿಬ್ಬವಿದೆ. ದೂರಕ್ಕೆ ಮಣ್ಣಿನ ದಿಣ್ಣೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಪದರ ಪದರವಾಗಿ ಬೂದಿ, ನಡುನಡುವೆ ಕಬ್ಬಿಣದ ಕಿಟ್ಟದ ಹಾಗೆ ಕರಗಿ ಗಟ್ಟಿಯಾದ ಗಂಟುಗಳು. ರಾಯಚೂರು, ಸುರಪುರದ ಕಡೆಗೂ ಇಂಥವು ಇವೆ. ಹಂಪಿಯ ಹತ್ತಿರದ ನಿಂಬಾಪುರದ ಬೂದಿಯನ್ನು ಜನ ವಾಲಿಯ ದೇಹ ಸುಟ್ಟ ಬೂದಿ ಎನ್ನುತ್ತಾರೆ. ಇಂಗ್ಲಿಷರ ಕಾಲದ ಅಧಿಕಾರಿಗಳು ಇದು ಜ್ವಾಲಾಮುಖಿಯೋ ಲೋಹ ಕರಗಿಸಿದ ಕುಲುಮೆಯೋ ಎಂದು ತಲೆ ಕೆಡಿಸಿಕೊಂಡರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಇದು ದನದ ಸಗಣಿ ಸುಟ್ಟ ಬೂದಿ ಎಂದ. ಆಮೇಲೆ ಪ್ರಯೋಗಶಾಲೆಯೂ ಹೌದೆಂದಿತು. ಕ್ರಿಸ್ತಪೂರ್ವ ಸುಮಾರು 3000ದಿಂದ 1200ರವರೆಗಿನ ನವಶಿಲಾಯುಗದಲ್ಲಿ ದನ ಸಾಕಿಕೊಂಡು ಬಾಳಿದ ಜನ ಬಿಟ್ಟುಹೋದದ್ದು ಇದು.

ಇಷ್ಟು ಬರೆಯಲು ನಿಮಗೆ ಒಂದು ಪ್ಯಾರಾ ಸಾಕಾಯಿತು. ನನಗೆ ಪ್ರಬಂಧದಲ್ಲಿ ತೊಂಬತ್ತು ಪುಟ ಬೇಕಾಯಿತು! ಎರಡನೆಯ ಅಧ್ಯಾಯ, "ಈವರೆಗಿನ ಅಧ್ಯಯನಗಳ ಸಮೀಕ್ಷೆ", ಹಿಟ್ಟಿಗೆ ನೀರು ಹೆಚ್ಚಾಗಿ, ನೀರಿಗೆ ಹಿಟ್ಟು ಹೆಚ್ಚಾಗಿ ಬೆಳೆಯುತ್ತಲೇ ಹೋಯಿತು. ಸಂಗನಕಲ್ಲಿನಲ್ಲಿ ಕೆಲಸ ಮಾಡಿದ ಬಿ. ಸುಬ್ಬರಾವ್ ಅವರ ಪುಸ್ತಕ 1948ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಅದೂ ಮೂಲತಃ ಪಿಎಚ್.ಡಿ. ಪ್ರಬಂಧವೇ ಎಂದು ತಿಳಿದ ದಿನ ನನಗೆ ಅನ್ನ ಸೇರಲಿಲ್ಲ. ಎಫ್. ಆರ್. ಆಲ್ಚಿನ್ 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಸಿಕ್ಕವು. ಸುತ್ತ ಬೇಲಿಯ ಕಂಬ ನೆಟ್ಟ ಕುಳಿಗಳೂ ಸಿಕ್ಕವು. 1963ರ ತಮ್ಮ ಪುಸ್ತಕದಲ್ಲಿ ಅವರು ಇವು ದನದ ದೊಡ್ಡಿಗಳು, ಹಬ್ಬದ ದಿನಗಳಲ್ಲಿ ಬೆಂಕಿ ಹಚ್ಚುತ್ತಿದ್ದಿರಬೇಕು ಎಂದರು. ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆ ಊಹೆ ಹತ್ತಿರದ್ದೆನಿಸುತ್ತದೆ. 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ದಿಬ್ಬದ ಮಗ್ಗುಲಲ್ಲೇ ಜನ ವಾಸವಿದ್ದ ನೆಲೆಯನ್ನೂ ಮಕ್ಕಳನ್ನು ಹೂತ ಜಾಗಗಳನ್ನೂ ಕಂಡರು. ದೊಡ್ಡಿಯೊಂದೇ ಅಲ್ಲ, ಊರೇ ಇತ್ತು. ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು ಒಪ್ಪಿಸಿದೆ. ನಮ್ಮ ಗೈಡ್ ಓದಿ, ಕನ್ನಡಕ ತೆಗೆದು, "ಎಲ್ಲರೂ ಹೇಳಿದ್ದು ಬಂತಮ್ಮ. ನೀವೇನು ಹೇಳ್ತೀರಿ?" ಎಂದರು.

ನಾನೇನು ಹೇಳಲಿ? ಬೆಳಗಿನ ನಾಲ್ಕೂವರೆಗೆ ಏಳುತ್ತಿದ್ದೆ. ಆರಕ್ಕೆ ಹಾಲಿನವನು ಬರುವತನಕ ಊಟದ ಮೇಜು ನನ್ನದು. ಮೂರನೆಯ ಅಧ್ಯಾಯದ ಮೊದಲ ವಾಕ್ಯವನ್ನು ಎಷ್ಟು ಬಗೆಯಲ್ಲಿ ಬರೆದೆನೋ ಲೆಕ್ಕವಿಲ್ಲ. ವಾಕ್ಯ ಏಳದಿದ್ದಾಗ ಮೇಜಿನ ಮೇಲಿದ್ದ ಉಪ್ಪಿನಕಾಯಿ ಭರಣಿ ಒರೆಸುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಭರಣಿಗಳು ಹೊಳೆದಷ್ಟು ಎಂದೂ ಹೊಳೆದಿಲ್ಲ. ನಮ್ಮ ಮನೆಯವರು ಮಾತ್ರ ಏನೂ ಕೇಳುತ್ತಿರಲಿಲ್ಲ. ಕೇಳದಿದ್ದುದೇ ಹೆಚ್ಚು ಚುಚ್ಚುತ್ತಿತ್ತು.

ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ನೋಂದಣಿಯಾದ ವರ್ಷ, ಹಳ್ಳಿಯೊಂದರ ಮದುವೆಗೆ ಹೋದವಳು ಮಧ್ಯಾಹ್ನ ಹೊಲದ ಕಡೆ ನಡೆದು ಹೋಗಿ ಒಂದು ಸಣ್ಣ ದಿಬ್ಬ ನೋಡಿ ಬಂದಿದ್ದೆ. ಯಾರೋ ಒಂದು ಮಗ್ಗುಲು ಅಗೆದಿದ್ದರಿಂದ ಪದರಗಳು ಕೇಕು ಕೊಯ್ದಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅಳತೆಪಟ್ಟಿ ಇರಲಿಲ್ಲ. ರೇಷ್ಮೆ ಸೀರೆಯಲ್ಲಿ ಅಳತೆಪಟ್ಟಿ ಯಾರು ಒಯ್ಯುತ್ತಾರೆ? ಕೈಯಲ್ಲಿದ್ದ ಛತ್ರಿಯನ್ನೇ ಪದರಗಳಿಗೆ ಒರಗಿಸಿ ನಿಲ್ಲಿಸಿ ಫೋಟೋ ತೆಗೆದುಕೊಂಡೆ. ಮತ್ತೊಮ್ಮೆ ಸರಿಯಾಗಿ ಬಂದು ಅಳೆದರಾಯಿತು ಎಂದುಕೊಂಡೆ. ಆ "ಮತ್ತೊಮ್ಮೆ" ಎನ್ನುವುದು ಬರಲು ಮೂರು ವರ್ಷ ಹಿಡಿಯಿತು. ಹೋಗಿ ನೋಡಿದರೆ ದಿಬ್ಬವೇ ಇಲ್ಲ. ಹಳೆಯ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ಹೇರಿ ಮುಗಿಸಿದ್ದರು. ಅಲ್ಲಿ ಮೆಣಸಿನಗಿಡ ಹುಲುಸಾಗಿ ನಿಂತಿತ್ತು. ರೈತನನ್ನು ಬಯ್ಯಲು ಬಾಯಿ ಬರಲಿಲ್ಲ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾಲ್ಕು ಸಾವಿರ ವರ್ಷ ಮಳೆ ಗಾಳಿಗೆ ಜಗ್ಗದೆ ನಿಂತದ್ದು ನಾನು ಭರಣಿ ಒರೆಸುತ್ತಿದ್ದಾಗ ಹೋಗಿಬಿಟ್ಟಿತ್ತು. ಉಳಿದದ್ದು ಒಂದು ಫೋಟೋ. ಅದರಲ್ಲಿದ್ದ ಛತ್ರಿಯನ್ನಾದರೂ ಅಳೆಯೋಣವೆಂದರೆ ಅದನ್ನು ಮದುವೆಯಿಂದ ಬರುವಾಗಲೇ ಬಸ್ಸಿನಲ್ಲಿ ಬಿಟ್ಟಿದ್ದೆ. ಅಂದು ರಾತ್ರಿ ಪೆಟ್ಟಿಗೆಗೆ ಬೀಗ ಹಾಕಿ, ಇನ್ನು ಸಾಕು ಎಂದುಕೊಂಡೆ.

ಬೀಗ ತೆಗೆಸಿದವರು ನಮ್ಮತ್ತೆ. ಅವರು ಕೊಪ್ಪಳದ ಕಡೆಯವರು. ಓದಿದ್ದು ಮೂರನೆಯ ಇಯತ್ತೆ, ಆದರೆ ಕಣ್ಣಿಗೆ ಪೊರೆ ಬರುವತನಕ ದಿನಪತ್ರಿಕೆಯ ಒಂದಕ್ಷರ ಬಿಟ್ಟವರಲ್ಲ. ಪೊರೆ ಬಂದ ಮೇಲೆ ಯಾರಾದರೂ ಓದಿ ಹೇಳಬೇಕು. ಒಂದು ಸಂಜೆ ಕರೆಂಟು ಹೋಗಿತ್ತು, ಪೇಪರು ಮುಗಿದಿತ್ತು. "ನಿಂದರೆ ಓದವಾ, ಅದೇನು ಬರದೀಯಲ್ಲ, ಅದನ್ನ" ಎಂದರು. ಮೇಣದ ಬತ್ತಿ ಹಚ್ಚಿಕೊಂಡು ಓದಿದೆ: "ಗೋಮಯವು ಅಧಿಕ ಉಷ್ಣತೆಯಲ್ಲಿ ದಹನಗೊಂಡು..."

"ಯಾರು ಹಚ್ಚಿದ್ರು?"

"ಆಗಿನ ಕಾಲದ ಪಶುಪಾಲಕರು, ಅತ್ತೀ."

"ಅಲ್ಲವಾ, ಹಸೀ ಸಗಣಿ ಹತ್ತೂದಿಲ್ಲ. ಮಳೆಗಾಲದಾಗಂತೂ ಬರೇ ಹೊಗಿ. ನೂರಾರು ದನದ ಸಗಣಿ ಬಳಿಯೋರ್ಯಾರು, ಹರವಿ ಒಣಗಿಸೋರ್ಯಾರು? ಗಂಡಸರೇನು?" ಸ್ವಲ್ಪ ಸುಮ್ಮನಿದ್ದು, "ಇದ್ದದ್ದನ್ನೆಲ್ಲಾ ಹಂಗ ಸುಟ್ಟಬಿಟ್ರ ಒಲಿಗೇನು ಹಚ್ಚಿದ್ರು?" ಎಂದರು.

ಮೇಣದ ಬತ್ತಿ ಕರಗುತ್ತಿತ್ತು. ನಾನು ಬೆಪ್ಪಾಗಿ ಕೂತಿದ್ದೆ. ನಮ್ಮ ಕಡೆ ಕುಳ್ಳು ಎನ್ನುತ್ತೇವೆ, ಮೈಸೂರಿನವರು ಬೆರಣಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿಯ ಊರಿನಲ್ಲಿ ನಾನೇ ಗೋಡೆಗೆ ಕುಳ್ಳು ತಟ್ಟಿದವಳು. ಯಾವ ಕುಳ್ಳು ಚಟಪಟನೆ ಹತ್ತುತ್ತದೆ, ಯಾವುದು ಹಾಲು ಕಾಯಿಸಲು ಬೇಕಾದ ಸಣ್ಣ ಉರಿ ಕೊಡುತ್ತದೆ ಎಂದು ಕೈಗೇ ಗೊತ್ತಿತ್ತು. ಆ ಕೈಯಿಂದಲೇ "ಗೋಮಯವು ದಹನಗೊಂಡು" ಎಂದು ಬರೆದಿದ್ದೆ! ಪುಸ್ತಕಗಳಲ್ಲಿ "ಪಶುಪಾಲಕರು" ಎಂದಾಗಲೆಲ್ಲ ನನ್ನ ಕಣ್ಣೆದುರು ಬರುತ್ತಿದ್ದವನು ಕೋಲು ಹಿಡಿದ ಗಂಡಸು. ಸಗಣಿಯ ಬುಟ್ಟಿ ಹೊತ್ತವಳು ಒಮ್ಮೆಯೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಮೂರನೆಯ ಅಧ್ಯಾಯದ ತಲೆಗೆ ಅತ್ತೆಯ ಪ್ರಶ್ನೆಯನ್ನೇ ಬರೆದುಕೊಂಡೆ: ಒಲೆಗೇನು ಹಚ್ಚಿದರು? ಆಗ ಕಟ್ಟಿಗೆ ಸಾಕಷ್ಟು ಸಿಗುತ್ತಿತ್ತೇ? ಹೊಲಕ್ಕೆ ಗೊಬ್ಬರ ಬೇಕಿರಲಿಲ್ಲವೇ? ಒಂದು ಪ್ರಶ್ನೆ ಇನ್ನೊಂದನ್ನು ಎಳೆದುಕೊಂಡು ಬಂತು. ಈ ನೆಲೆಗಳ ಮಣ್ಣನ್ನು ತೊಳೆದು ಜಾಲಿಸಿದ ವಿದ್ವಾಂಸರಿಗೆ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳು ಸಿಕ್ಕಿವೆ. ಅದನ್ನು ಮೊದಲೇ ಓದಿದ್ದೆ, ಪಟ್ಟಿಯಾಗಿ ಬರೆದೂ ಇದ್ದೆ. ಈಗ ಹುರುಳಿ ಎಂದ ಕೂಡಲೇ ಅದು ಬೇಯಲು ಎಷ್ಟು ಹೊತ್ತು, ಎಷ್ಟು ಉರಿ ಬೇಕು ಎಂಬುದು ಮೊದಲು ಹೊಳೆಯಿತು. ಬೀಸುವ ಕಲ್ಲುಗಳ ಸವೆತ, ಮಡಕೆಯ ತಳದ ಮಸಿ, ಎಲ್ಲವೂ ಒಂದೇ ಅಧ್ಯಾಯಕ್ಕೆ ಬಂದು ಕೂತವು. ಹನ್ನೊಂದು ದಿನದಲ್ಲಿ ಇಪ್ಪತ್ತಾರು ಪುಟ.

ಬೇಸಿಗೆಯಲ್ಲಿ ಅತ್ತೆಯ ತವರಿಗೆ ಹೋಗಿ, ಅವರ ತಮ್ಮನ ಹಿತ್ತಲಲ್ಲಿ ಒಣಗಿದ ಸಗಣಿಯ ಒಂದು ಗುಡ್ಡೆಗೆ ಬೆಂಕಿಯನ್ನೂ ಹಾಕಿಸಿದೆ. ಊರ ಹುಡುಗರೆಲ್ಲ ನೆರೆದಿದ್ದರು. ಎರಡು ದಿನ ಒಳಗೊಳಗೇ ಉರಿದು ಆರಿತು. ಸಿಕ್ಕಿದ್ದು ಪಾತ್ರೆ ತಿಕ್ಕಲು ಲಾಯಕ್ಕಾದ ಮೆತ್ತನೆಯ ಬೂದಿ. ಕರಗಿದ ಗಂಟು ಒಂದೂ ಇಲ್ಲ. ಅಂದರೆ ನನ್ನ ಗುಡ್ಡೆ ಚಿಕ್ಕದಾಯಿತು, ಆ ಗಂಟುಗಳಿಗೆ ಬೇಕಾದ ಶಾಖ ಅದರೊಳಗೆ ಹುಟ್ಟಲಿಲ್ಲ ಎಂದಷ್ಟೇ ಹೇಳಬಹುದಿತ್ತು. ಅಷ್ಟನ್ನೇ ಬರೆದೆ. ಗೈಡ್ ಆ ಅಧ್ಯಾಯದಲ್ಲಿ ಎಂಟು ಪುಟ ಹೊಡೆದು ಹಾಕಿ, "ಇಲ್ಲಿ ಕಥೆ ಬರೆದಿದ್ದೀರಿ" ಎಂದರು. ಎರಡನೆಯ ಅಧ್ಯಾಯವನ್ನು ತೊಂಬತ್ತರಿಂದ ನಲವತ್ತಕ್ಕೆ ಇಳಿಸಲು ಹೇಳಿದರು. ಬೆಂಕಿ ಹಾಕಿಸಿದ ಒಂದೂವರೆ ಪುಟಕ್ಕೆ ಮಾತ್ರ ಕೈ ಹಚ್ಚಲಿಲ್ಲ.

ಈಗ ಐದನೆಯ ಅಧ್ಯಾಯದಲ್ಲಿದ್ದೇನೆ. ಕಳೆದ ತಿಂಗಳು ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಕಟ್ಟು ಬಿಚ್ಚಿ, ಹೊಸ ಕನ್ನಡಕ ಬಂದ ಮೇಲೆ ನನ್ನ ಕಾಗದಗಳನ್ನೆಲ್ಲ ಹರವಿಕೊಂಡು ಕೂತರು. ಆ ಫೋಟೋ ಕೈಗೆ ಬಂದದ್ದೇ, "ಇದು ನನ್ನ ಛತ್ರಿ ಅಲ್ಲೇನ?" ಎಂದರು. ಎಷ್ಟು ಹುಡುಕಿದ್ದರಂತೆ! ಹಿಡಿಕೆ ಮುರಿದದ್ದಕ್ಕೆ ಬೇರೆ ಕಟ್ಟಿಸಿ, ಊರುಗೋಲು ಮಾಡಿಕೊಂಡಿದ್ದರಂತೆ. ನಾನು ತಪ್ಪೊಪ್ಪಿಕೊಳ್ಳುವುದನ್ನೂ ಮರೆತು, "ಅತ್ತೀ, ಅದು ಎಷ್ಟು ಉದ್ದ ಇತ್ತು?" ಎಂದೆ.

"ನನ್ನ ಗೇಣಿಲೆ ನಾಕು ಗೇಣು. ಹಿಡಿಕಿ ಕಟ್ಟಿಸುವಾಗ ಅಳದ ಕೊಟ್ಟಿದ್ದೆ."

ಒಳಗೆ ಓಡಿ ಮಗಳ ಸ್ಕೇಲು ತಂದೆ. ಅತ್ತೆ ಊಟದ ಮೇಜಿನ ಮೇಲೆ ಕೈಯಿಟ್ಟು, ಸುಕ್ಕುಗಟ್ಟಿದ ಬೆರಳುಗಳನ್ನು ಆದಷ್ಟೂ ಅಗಲಿಸಿ, "ಹೂಂ, ಅಳಿ" ಎಂದರು.