ಬೆಳಕಿನ ಬೆನ್ನಿಗೇ ಬರುವವರು

ಸೂರ್ಯನ ಮೇಲೆ ಬರೆಯುವುದು ಕವಿಗಳ ಗುತ್ತಿಗೆ ಎಂಬುದು ನಮ್ಮ ಸಂಘದಲ್ಲಿ ಬಹುಮಂದಿಯ ನಂಬಿಕೆ. ಪ್ರತಿ ಸಂಚಿಕೆಗೂ ಉದಯದ ಮೇಲೆ ನಾಲ್ಕು, ಅಸ್ತದ ಮೇಲೆ ಆರು ಕವಿತೆಗಳು ಬಂದು ಬೀಳುತ್ತವೆ. ವಿಜ್ಞಾನ ಓದುವ ನಮ್ಮಂಥವರು ಆ ಕಡೆ ಇಣುಕುವುದಿಲ್ಲ. ಈ ಸಲ ಮಾತ್ರ ಧೈರ್ಯ ಮಾಡಿದ್ದೇನೆ, ಕವಿಮಿತ್ರರು ಮುನಿಸಿಕೊಳ್ಳಬಾರದು.

ನಾನು ಹೇಳಹೊರಟಿರುವುದು ಸೂರ್ಯ ಸಿಡಿದಾಗ ಅಲ್ಲಿಂದ ಹೊರಡುವ ಕಣಗಳ ಸಂಗತಿ. ಸೂರ್ಯನ ಮೈಮೇಲೆ ಕಾಂತಕ್ಷೇತ್ರದ ರೇಖೆಗಳು ತಿರುಚಿಕೊಂಡು, ಬಿಗಿದು, ಒಮ್ಮೆ ಫಟ್ಟನೆ ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ. ಆಗ ಹೊರಟದ್ದು ಮೂರು ಬಗೆಯಾಗಿ ನಮ್ಮತ್ತ ಬರುತ್ತದೆ. ಮೊದಲು ಬೆಳಕು ಮತ್ತು ಕ್ಷಕಿರಣ. ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿರುತ್ತವೆ. ಕೊನೆಗೆ ಪ್ಲಾಸ್ಮಾದ ದೊಡ್ಡ ಮೋಡ. ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಇವೆರಡರ ನಡುವೆ ನುಗ್ಗುವವೇ ಈ ಕಣಗಳು: ಹೆಚ್ಚಾಗಿ ಪ್ರೋಟಾನು, ಜೊತೆಗೆ ಇಲೆಕ್ಟ್ರಾನು, ಒಂದಿಷ್ಟು ಹೀಲಿಯಂ, ಕಬ್ಬಿಣದಂಥ ಭಾರದ ಅಯಾನುಗಳು. ಕೆಲವಕ್ಕೆ ಸಿಡಿದ ಜಾಗದಲ್ಲೇ ವೇಗ ಸಿಗುತ್ತದೆ. ದೊಡ್ಡ ಸಿಡಿತಗಳಲ್ಲಿ ಹೆಚ್ಚಿನವು ಆ ಮೋಡದ ಮುಂದೆ ಏಳುವ ಆಘಾತದ ಅಲೆಯಲ್ಲಿ ಮತ್ತೆ ಮತ್ತೆ ತಳ್ಳಿಸಿಕೊಂಡು ವೇಗ ಗಳಿಸುತ್ತವೆ. ತೀರ ಚುರುಕಾದವು ಸಿಡಿತ ಕಂಡ ಅರ್ಧ ಗಂಟೆಯೊಳಗೇ ಹಾಜರು.

ಮುಂಬಯಿಯಲ್ಲಿರುವ ನಮ್ಮಂಥವರಿಗೆ ಸುದ್ದಿಗೂ ಬರವಿಗೂ ಇರುವ ಅಂತರ ಹೊಸದಲ್ಲ. ಮೂರು ವರ್ಷದ ಹಿಂದೆ ಊರಿಂದ ಕಾಕಾ ಫೋನು ಮಾಡಿ, "ಅಣ್ಣಾ, ಅವ್ವಗ ಭಾಳ ಆರಾಮಿಲ್ಲ, ಲಗೂನ ಬಾ" ಅಂದರು. ಸುದ್ದಿ ಬಂದದ್ದು ಕ್ಷಣದಲ್ಲಿ. ಅಪ್ಪ ರಾತ್ರಿ ರೈಲು ಹಿಡಿದು, ಬೆಳಿಗ್ಗೆ ಸೊಲ್ಲಾಪುರದಲ್ಲಿ ಇಳಿದು, ಬಸ್ಸು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಆಯಿ ಇರಲಿಲ್ಲ. ಆಮೇಲೆ ಅಪ್ಪ ಆಗಾಗ ಒಂದು ಮಾತು ಹೇಳುತ್ತಾರೆ: "ತಿಳಿಯೋದ ಬ್ಯಾರೆ, ಮುಟ್ಟೋದ ಬ್ಯಾರೆ." ಸೌರಕಣಗಳ ವಿಷಯ ಓದುವಾಗ ಈ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿ ಗತಿ ತಿರುವುಮುರುವು. ಅಪ್ಪನಿಗೆ ನಡುವಿನ ಹೊತ್ತು ಹೆಚ್ಚಾಯಿತು. ಬಾಹ್ಯಾಕಾಶದಲ್ಲಿರುವವನಿಗೆ ಅದು ಸಾಲುವುದೇ ಇಲ್ಲ.

ನೆಲದ ಮೇಲಿರುವ ನಮಗೆ ವಾತಾವರಣದ ಹೊದಿಕೆ, ಭೂಮಿಯ ಕಾಂತಕ್ಷೇತ್ರದ ಕಾವಲು ಇವೆ. ಅದರಾಚೆ ಹೋದವರಿಗೆ ಏನಿದೆ? 1972ರ ಏಪ್ರಿಲ್‌ನಲ್ಲಿ ಅಪೊಲೊ 16 ಚಂದ್ರನಿಂದ ಹಿಂದಿರುಗಿತು. ಡಿಸೆಂಬರ್‌ನಲ್ಲಿ ಅಪೊಲೊ 17 ಹೊರಟಿತು. ನಡುವೆ ಆಗಸ್ಟ್ 4ರಂದು ಭಾರೀ ಕಣವೃಷ್ಟಿಯಾಯಿತು. ಆಗ ಯಾರಾದರೂ ಬರೀ ಗಗನಉಡುಪಿನಲ್ಲಿ ಚಂದ್ರನ ಮೇಲೆ ಓಡಾಡುತ್ತಿದ್ದಿದ್ದರೆ ವಿಕಿರಣದಿಂದ ಕಾಯಿಲೆ ಬೀಳುವ ಅಪಾಯವಿತ್ತೆಂದು ಮುಂದೆ ಲೆಕ್ಕ ಹಾಕಿದರು. ಅಂದು ಕಾಪಾಡಿದ್ದು ಕ್ಯಾಲೆಂಡರು, ವಿಜ್ಞಾನವಲ್ಲ.

ನೌಕೆಗಳಿಗೂ ಈ ಪೆಟ್ಟು ತಪ್ಪಿದ್ದಲ್ಲ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದ್ದ ಸೋಹೊ ನೌಕೆ 2000ದ ಜುಲೈ 14ರಂದು ಒಂದು ದೊಡ್ಡ ಸಿಡಿತವನ್ನು ಚಿತ್ರಿಸಿತು. ಸ್ವಲ್ಪ ಹೊತ್ತಿನಲ್ಲೇ ಚಿತ್ರದ ತುಂಬ ಹಿಮ ಸುರಿದ ಹಾಗೆ ಬಿಳಿ ಚುಕ್ಕೆಗಳು. ಪ್ರೋಟಾನುಗಳು ಕ್ಯಾಮೆರಾದ ಸಂವೇದಕಕ್ಕೇ ಬಂದು ಬಡಿಯುತ್ತಿದ್ದವು! ಇನ್ನೊಂದು ಕಥೆ ಇದಕ್ಕಿಂತ ಖೇದಕರ. ಮುಂದೆ ಹೋಗುವ ಮನುಷ್ಯರಿಗೆ ಎಷ್ಟು ವಿಕಿರಣ ತಾಗೀತೆಂದು ಅಳೆಯಲು ಮಾರ್ಸ್ ಒಡಿಸ್ಸಿ ನೌಕೆಯಲ್ಲಿ ಮೇರಿ ಎಂಬ ಉಪಕರಣವನ್ನು ಮಂಗಳಕ್ಕೆ ಕಳಿಸಿದ್ದರು. 2003ರ ಅಕ್ಟೋಬರ್ 28ರ ಸೌರಸ್ಫೋಟದ ಹೊತ್ತಿಗೆ ಅದು ಕೆಲಸ ನಿಲ್ಲಿಸಿತು. ಅಳೆಯಹೋದ ಕಣಗಳೇ ಅದರ ಇಲೆಕ್ಟ್ರಾನಿಕ್ಸನ್ನು ಕೆಡಿಸಿರಬೇಕೆಂಬುದು ತಜ್ಞರ ಊಹೆ.

ಹಾಗಾದರೆ ದುರ್ಬೀನಿನಲ್ಲಿ ಸಿಡಿತ ಕಂಡೊಡನೆ ಕೂಗಿ ಹೇಳಿದರಾಯಿತಲ್ಲ ಎನ್ನಬಹುದು. ಕಂಡದ್ದೆಲ್ಲ ನಮ್ಮ ಕಡೆ ಬರುವುದಿಲ್ಲ ಎಂಬುದೇ ತೊಡಕು. ದೀಪಾವಳಿಯ ಭೂಚಕ್ರ ನೆನಪಿಸಿಕೊಳ್ಳಿ: ಕಿಡಿ ನೇರ ಹೊರಬಿದ್ದರೂ ಚಕ್ರ ತಿರುಗುವುದರಿಂದ ಬಾಗಿದ ಸಾಲುಗಳು ಕಾಣುತ್ತವೆ. ಸೂರ್ಯನೂ ತಿರುಗುತ್ತಾನೆ, ಅವನ ಕಾಂತರೇಖೆಗಳೂ ಹಾಗೆಯೇ ಬಾಗಿವೆ. ವಿದ್ಯುತ್ತು ಹೊತ್ತ ಕಣಗಳು ಆ ರೇಖೆಗಳ ಗುಂಟ ಸಾಗುತ್ತವೆ. ಭೂಮಿಗೆ ಬಂದು ತಲುಪುವ ರೇಖೆಯ ಬುಡ ಸೂರ್ಯನ ಪಶ್ಚಿಮ ಮಗ್ಗುಲಲ್ಲಿದೆ. ಆದ್ದರಿಂದ ಎದುರಿಗೆ ಸಿಡಿದದ್ದಕ್ಕಿಂತ ಪಕ್ಕದಲ್ಲಿ ಸಿಡಿದದ್ದೇ ಬೇಗ ಬಂದು ತಾಗೀತು. ಇದನ್ನು ತಿಳಿಯಲು ಒಂದೇ ಕಡೆ ನಿಂತ ನೌಕೆ ಸಾಲದು. 2006ರಲ್ಲಿ ಸ್ಟೀರಿಯೊ ಜೋಡಿನೌಕೆಗಳನ್ನು ಹಾರಿಸಿದ್ದು, ಒಂದು ಭೂಮಿಯ ಮುಂದೆ, ಇನ್ನೊಂದು ಹಿಂದೆ ಸರಿಯುವಂತೆ ಮಾಡಿದ್ದು ಅದಕ್ಕೇ. 2012ರ ಜುಲೈ 23ರಂದು ನಮಗೆ ಕಾಣದ ಮಗ್ಗುಲಲ್ಲಾದ ಭಯಂಕರ ಸಿಡಿತದ ಪೆಟ್ಟು ತಿಂದು ಅದರ ಲೆಕ್ಕ ಕೊಟ್ಟದ್ದು ಆ ಜೋಡಿಯಲ್ಲೊಂದು. 2018ರಲ್ಲಿ ಹೊರಟ ಪಾರ್ಕರ್ ನೌಕೆಯಂತೂ 2024ರ ಡಿಸೆಂಬರ್ 24ರಂದು ಸೂರ್ಯನಿಂದ ಕೇವಲ 61 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಕಣಗಳು ಹಾದಿಯಲ್ಲಿ ಚದುರುವ ಮೊದಲೇ, ಹುಟ್ಟಿದ ಜಾಗದ ಹತ್ತಿರ ಅವನ್ನು ಹಿಡಿದು ನೋಡುವ ಪ್ರಯತ್ನ ಇದು.

ನನಗೆ ಬಹಳ ಹಿಡಿಸಿದ್ದು ಬೇರೊಂದು ಸಣ್ಣ ಉಪಾಯ. ಇಲೆಕ್ಟ್ರಾನು ಹಗುರ, ಬೆಳಕಿನ ವೇಗಕ್ಕೆ ಸಮೀಪದಲ್ಲೇ ಓಡಿ ಪ್ರೋಟಾನಿಗಿಂತ ಮೊದಲು ಬಂದುಬಿಡುತ್ತದೆ. ಸೋಹೊದಲ್ಲಿ ಇಲೆಕ್ಟ್ರಾನುಗಳ ಎಣಿಕೆ ಏರುವ ರೀತಿ ನೋಡಿಯೇ ಹಿಂದೆ ಬರುವ ಪ್ರೋಟಾನುಗಳನ್ನು ಒಂದು ಗಂಟೆಯವರೆಗೂ ಮುಂಚಿತವಾಗಿ ಊಹಿಸಬಹುದೆಂದು ಆರಿಕ್ ಪೋಸ್ನರ್ 2007ರಲ್ಲಿ ತೋರಿಸಿದರು. ಒಂದು ಗಂಟೆ ಏನು ಮಹಾ ಎನ್ನಬೇಡಿ. ಚಂದ್ರನ ಮೇಲೆ ನಡೆಯುತ್ತಿರುವವನು ಗೂಡಿಗೆ ಮರಳಲು ಅಷ್ಟು ಸಾಕಾಗಬಹುದು. ಒರಾಯನ್ ನೌಕೆಯಲ್ಲಂತೂ ಇಂಥ ಹೊತ್ತಿಗೆ ಸಾಮಾನಿನ ಚೀಲಗಳನ್ನೇ ಸುತ್ತ ಒಟ್ಟಿಕೊಂಡು ನಡುವೆ ಕೂತುಕೊಳ್ಳುವ ಏರ್ಪಾಡಿದೆ. ಗೋಡೆ ಕಟ್ಟಲಿಕ್ಕೂ ಪುರುಸೊತ್ತು ಬೇಕಲ್ಲ!

ನಮ್ಮವರೂ ಈ ಎಣಿಕೆಗೆ ಕೂತಿದ್ದಾರೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ ಎಲ್1, 2024ರ ಜನವರಿ 6ರಂದು ಸೋಹೊದ ನೆರೆಗೇ ಹೋಗಿ ನೆಲೆಸಿತು. ಅದರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮಾಡಿದ ಸ್ಟೆಪ್ಸ್ ಎಂಬ ಉಪಕರಣವಿದೆ. ಆರು ಸಂವೇದಕಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ಕಣಗಳನ್ನು ಎಣಿಸುತ್ತವೆ. ದಾರಿಯಲ್ಲಿರುವಾಗಲೇ, ಭೂಮಿಯಿಂದ 50,000 ಕಿ.ಮೀ. ಆಚೆಯಿಂದಲೇ, ಅದು ಎಣಿಕೆ ಶುರುಮಾಡಿತ್ತು. ನೌಕೆಯ ದನಿಯನ್ನು ಕೇಳಿಸಿಕೊಳ್ಳುವ ದೊಡ್ಡ ಆಂಟೆನಾ ಇರುವುದು ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರರೆ ಎಚ್ಚರಿದ್ದು ಎಣಸ್ಲಿಕ್ಕತ್ತಾರಲ್ಲ, ಚಲೋ ಆತು" ಅಂದರು. ನನಗೂ ಹಾಗೇ ಅನ್ನಿಸುತ್ತದೆ.