ಇಪ್ಪತ್ಮೂರರ ಮಗ್ಗಿ

ನಮ್ಮೂರ ಶಾಲೆಯ ಮೇಷ್ಟ್ರು ಇಪ್ಪತ್ತರ ಮಗ್ಗಿಗೇ ನಿಲ್ಲಿಸಿಬಿಟ್ಟಿದ್ದರು. ಅದರಾಚೆಯ ಲೆಕ್ಕ ಮನುಷ್ಯನಿಗೆ ಬೇಕಾಗುವುದಿಲ್ಲ ಎಂಬುದು ಅವರ ನಂಬಿಕೆ. ದುಬೈಗೆ ಹೋದವರ ಪಾಡು ಅವರಿಗೇನು ಗೊತ್ತು! ನಾನು ಇಲ್ಲಿ ಬಂದಿಳಿದ ಕಾಲಕ್ಕೆ ಒಂದು ದಿರಹಂಗೆ ಹೆಚ್ಚುಕಮ್ಮಿ 12 ರೂಪಾಯಿ. ಹನ್ನೆರಡರ ಮಗ್ಗಿ ನಾಲಗೆ ತುದಿಯಲ್ಲೇ ಇತ್ತು, ಹೇಗೋ ಬಚಾವಾದೆ. ಈಗ 23 ದಾಟಿದೆ. ಊರಿಂದ ಹೊಸದಾಗಿ ಬಂದ ಹುಡುಗನೊಬ್ಬ ಕರಾಮಾದ ಸೂಪರ್ ಮಾರ್ಕೆಟಿನಲ್ಲಿ ನುಗ್ಗೆಕಾಯಿ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಾ ನಿಂತಿದ್ದರೆ ದೇವರನ್ನು ನೆನೆಯುತ್ತಿದ್ದಾನೆ ಅಂದುಕೊಳ್ಳಬೇಡಿ. ಗುಣಿಸುತ್ತಿದ್ದಾನೆ.

ಇದು ಇಲ್ಲಿಗೆ ಬಂದ ಎಲ್ಲರಿಗೂ ಹಿಡಿಯುವ ಕಾಯಿಲೆ. 15 ದಿರಹಂನ ಮಸಾಲೆ ದೋಸೆ ಎದುರಿಗೆ ಬಂದರೆ ಕಾಣುವುದು ದೋಸೆಯಲ್ಲ, 345 ರೂಪಾಯಿ. ಆ ದುಡ್ಡಿಗೆ ಊರಲ್ಲಿ ಮನೆಮಂದಿಯೆಲ್ಲ ತಿಂದು, ಮೇಲೆ ಕಾಫಿ ಕುಡಿದು ಬರಬಹುದಿತ್ತು ಎಂದುಕೊಳ್ಳುವಷ್ಟರಲ್ಲಿ ದೋಸೆ ತಣ್ಣಗಾಗಿ ಚಕ್ಕಳವಾಗಿರುತ್ತದೆ. ಕ್ಷೌರ ಮುಂದಕ್ಕೆ ಹೋಗುತ್ತದೆ. ಟ್ಯಾಕ್ಸಿಯ ಮೀಟರ್ ನೋಡಿದರೆ ಎದೆ ಡವಗುಟ್ಟುತ್ತದೆ. ಡೇರಾದ ಕೋಣೆಯೊಂದರಲ್ಲಿ ಬರೀ ಒಂದು ಮಂಚದ ಜಾಗಕ್ಕೆ, ಅಂದರೆ ಬೆಡ್ ಸ್ಪೇಸಿಗೆ, ಕೊಡುವ ಬಾಡಿಗೆಯನ್ನು ಮಾತ್ರ ಯಾರೂ ಗುಣಿಸಲು ಹೋಗುವುದಿಲ್ಲ. ಗುಣಿಸಿದರೆ ಆ ಮಂಚದ ಮೇಲೆ ನಿದ್ದೆ ಹತ್ತುವುದಿಲ್ಲ.

ಈ ಮಗ್ಗಿಯ ಗೋಜೇ ಇಲ್ಲದ ಕಾಲವೊಂದಿತ್ತು ಅಂದರೆ ಹೊಸಬರು ನಂಬುವುದಿಲ್ಲ. ಒಂದಾನೊಂದು ಕಾಲದಲ್ಲಿ ದುಬೈಯಲ್ಲಿ ನಡೆಯುತ್ತಿದ್ದುದು ನಮ್ಮದೇ ರೂಪಾಯಿ. ಚಿನ್ನದ ಕಳ್ಳಸಾಗಣೆಯ ಕಾಟ ತಡೆಯಲಾರದೆ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಈ ಸೀಮೆಗೆಂದೇ ಬೇರೆ ಬಣ್ಣದ ಗಲ್ಫ್ ರೂಪಾಯಿ ಅಚ್ಚು ಹಾಕಿಸಿತು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು. ಇಲ್ಲಿಯವರು ಅದಕ್ಕೊಂದು ನಮಸ್ಕಾರ ಹಾಕಿ ಕತಾರಿನ ಜೊತೆ ಸೇರಿ ರಿಯಾಲ್ ಮಾಡಿಕೊಂಡರು. ಅದೇ ವರ್ಷ ದುಬೈಗೆ ಕಡಲಿನಲ್ಲಿ ಎಣ್ಣೆಯೂ ಸಿಕ್ಕಿತು. ಅದೃಷ್ಟ ಮನೆ ಬದಲಿಸುವುದೆಂದರೆ ಹೀಗೆ. ದಿರಹಂ ಬಂದದ್ದು 1973ರಲ್ಲಿ. ಆಮೇಲಿನದೆಲ್ಲ ನಮ್ಮ ಮಗ್ಗಿಯ ಚರಿತ್ರೆ.

ಆ ದಿರಹಂ ನಾಣ್ಯದ ಮೇಲೆ ಕೊಕ್ಕಿನ ಕಾಫಿ ಹೂಜಿಯ ಚಿತ್ರವಿದೆ. ಆದರೆ ಆ ನಾಣ್ಯ ಕೊಟ್ಟು ಇಡೀ ಊರು ಕುಡಿದದ್ದು ಚಹಾ. ಕರಕ್ ಚಹಾ. ಸೊಪ್ಪು ಚೆನ್ನಾಗಿ ಕುದಿದು ಕಪ್ಪಾಗಬೇಕು, ಡಬ್ಬಿಯ ಗಟ್ಟಿ ಹಾಲು ಬೀಳಬೇಕು, ಏಲಕ್ಕಿ ಜಜ್ಜಿ ಹಾಕಬೇಕು, ಸಕ್ಕರೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. ಉಳಿದಂತೆ ಹಾರನ್ ಮಾಡಲು ಅಂಜುವ ಈ ಊರಿನಲ್ಲಿ ಕೆಫೆಟೇರಿಯಾದ ಮುಂದೆ ಮಾತ್ರ ಹಾರನ್ನಿಗೆ ಮರ್ಯಾದೆ. ಕಾರು ನಿಲ್ಲಿಸಿ ಒಂದು ಸಲ ಒತ್ತಿದರೆ ಹುಡುಗ ಕಿಟಕಿಗೆ ಓಡಿ ಬರುತ್ತಾನೆ. ಕೋಟಿ ಬೆಲೆಯ ಕಾರಿನವನಿಗೂ ತರಕಾರಿ ವ್ಯಾನಿನವನಿಗೂ ಅದೇ ಕಾಗದದ ಲೋಟ. ನಾನು ಹೋಗುವ ಕಡೆ ಗಲ್ಲೆಯಲ್ಲಿ ಕೂರುವವರು ಪುತ್ತೂರಿನ ಬ್ಯಾರಿ. "ಎಂತ ಅಣ್ಣ, ಇವತ್ತು ಅಕ್ಕ ಬರ್ಲಿಲ್ವಾ?" ಎಂದು ಅವರು ಕೇಳಿದರೆ ಆ ದಿನದ ಅರ್ಧ ದಣಿವು ಅಲ್ಲೇ ಇಳಿಯುತ್ತದೆ.

ಊರಿಂದ ಫೋನಿನಲ್ಲಿ ಅಮ್ಮ ಒಮ್ಮೆ ಚಹಾದ ರೇಟು ಕೇಳಿದ್ದರು. "ಒಂದು" ಅಂದೆ.

"ಒಂದಕ್ಕೆ ಚಾ ಸಿಕ್ಕುತ್ತಾ? ಹಾಂಗಾರ್ ಅಲ್ಲೇ ಇರ್ ಮಗಾ, ಇಲ್ಲ್ ಐದಾಯ್ತ್."

ನಾನು ತಿದ್ದಲಿಲ್ಲ. ಮಗ ಸಸ್ತಾ ಊರಿನಲ್ಲಿ ಸುಖವಾಗಿದ್ದಾನೆ ಎಂಬ ಆ ಸಮಾಧಾನವನ್ನು ಹನ್ನೆರಡರಿಂದ ಗುಣಿಸಿ ಕೆಡಿಸುವುದೇಕೆ? ಕರಕ್ ಈಗ ಎಷ್ಟೋ ಕಡೆ 2 ದಿರಹಂ. ಈ ಸುದ್ದಿ ಹೇಳೋಣವೆಂದರೆ ಅಮ್ಮ ಇಲ್ಲ.

ಹೀಗೆ ಪುತ್ತೂರಿನವರ ಚಹಾ, ಮಲಪ್ಪುರಂನವರ ಪರೋಟ, ಪೆಶಾವರದವರ ರೊಟ್ಟಿ, ಇರಾನಿಯ ಕಬಾಬು ತಿಂದುಕೊಂಡು ವರ್ಷಗಟ್ಟಲೆ ದುಬೈಯಲ್ಲಿದ್ದರೂ ದುಬೈಯವರ ಊಟ ಹೇಗಿರುತ್ತದೆಂದು ಗೊತ್ತಾಗುವುದಿಲ್ಲ. ಇಲ್ಲಿ ಹತ್ತು ಜನ ಎದುರಾದರೆ ಅದರಲ್ಲೊಬ್ಬ ಸ್ಥಳೀಯ ಸಿಗುವುದೂ ಅನುಮಾನ. ಅಲ್ ಫಹೀದಿಯ ಹಳೆ ಓಣಿಗಳಲ್ಲಿ, ಗಾಳಿಗೋಪುರದ ಮನೆಯೊಂದರಲ್ಲಿ, ಪರದೇಶಿಗಳನ್ನು ಕೂರಿಸಿ ಊಟ ಹಾಕುವ ಸಂಸ್ಕೃತಿ ಕೇಂದ್ರವಿದೆ. ಯಾವ ಪ್ರಶ್ನೆ ಕೇಳಿದರೂ ಬೇಸರಿಸುವುದಿಲ್ಲ. ಅಲ್ಲಿ ಬೆಳಗಿನ ತಿಂಡಿಗೆ ಬಲಾಲೀತ್ ಬಡಿಸಿದರು. ನೋಡಿದರೆ ನಮ್ಮದೇ ಶಾವಿಗೆ. ಸಕ್ಕರೆ, ಏಲಕ್ಕಿ, ಕೇಸರಿ, ಮೂಗಿಗೆ ಗುಲಾಬಿ ನೀರಿನ ಘಮ. ಮದುವೆಮನೆಗೇ ಬಂದೆವೆಂದು ಹಿಗ್ಗುವಷ್ಟರಲ್ಲಿ ಅದರ ಮೇಲೆ ಆಮ್ಲೆಟ್ ಹೊದಿಸಿದ್ದು ಕಂಡಿತು. "ಈ ಶಾವಿಗೆ ಯಾವ ಜನ್ಮದಲ್ಲಿ ಏನು ಪಾಪ ಮಾಡಿತ್ತೋ" ಎಂದಳು ಹೆಂಡತಿ. ಆದರೆ ತಿಂದವಳು ಸುಮ್ಮನಾದಳು. ಸಿಹಿಯ ಎಡೆಯಲ್ಲಿ ಉಪ್ಪು ಸಿಗುವ ಆ ರುಚಿ ಎರಡನೇ ತುತ್ತಿಗೆ ಅರ್ಥವಾಗುತ್ತದೆ. ಮೂರನೆಯದಕ್ಕೆ ತಟ್ಟೆ ಖಾಲಿ. ಅಲ್ಲಿ ನಾನು ಮಗ್ಗಿ ಹೇಳಿಕೊಳ್ಳಲಿಲ್ಲ.

ಲೆಕ್ಕ ಮಾತ್ರವಲ್ಲ, ಈ ಊರಿನಲ್ಲಿ ನಲ್ಲಿಯೂ ತಿರುವುಮುರುವು. ಜುಲೈ ಬಂತೆಂದರೆ ತಾರಸಿಯ ಟ್ಯಾಂಕಿ ಕಾದು ತಣ್ಣೀರು ನಲ್ಲಿಯಲ್ಲಿ ಸುಡುನೀರು. ಆಗ ಜಾಣರು ಗೀಸರ್ ಆರಿಸಿಬಿಡುತ್ತಾರೆ. ಎ.ಸಿ. ಮನೆಯೊಳಗೆ ಗೀಸರಿನ ಹೊಟ್ಟೆಯಲ್ಲಿ ಕೂತ ನೀರು ತಣಿದಿರುತ್ತದಲ್ಲ, ಸ್ನಾನಕ್ಕೆ ಅದೇ. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು. ಎತ್ತರಕ್ಕೂ ಇಲ್ಲಿ ಒಂದು ಲೆಕ್ಕವಿದೆ. 828 ಮೀಟರಿನ ಬುರ್ಜ್ ಖಲೀಫಾದಲ್ಲಿ ಮೇಲಿದ್ದವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ಹಾಗಾಗಿ ರಂಜಾನಿನಲ್ಲಿ 80ನೇ ಮಹಡಿಯಿಂದಾಚೆ ಇರುವವರು 2 ನಿಮಿಷ, 150ರಿಂದಾಚೆಯವರು 3 ನಿಮಿಷ ಕಾದು ಉಪವಾಸ ಬಿಡಬೇಕೆಂದು 2011ರಲ್ಲಿ ಇಲ್ಲಿನ ಧರ್ಮಪಂಡಿತರು ಹೇಳಿದರು. ದುಡ್ಡು ಜಾಸ್ತಿ ಇದ್ದವರಿಗೆ ಹಸಿವೂ ಸ್ವಲ್ಪ ಜಾಸ್ತಿ.

ಇನ್ನು ನಮ್ಮ ದೇಶಭಕ್ತಿಯ ಮಾತು. ಆಗಸ್ಟ್ 15ಕ್ಕೆ ಕಣ್ಣು ತೇವ ಮಾಡಿಕೊಂಡು ಜನಗಣಮನ ಹಾಡುವ ನಾವೇ, ರೂಪಾಯಿ ಬಿತ್ತೆಂದು ಕೇಳಿದರೆ ಊರಿಗೆ ದುಡ್ಡು ಕಳಿಸಲು ಎಕ್ಸ್‌ಚೇಂಜಿಗೆ ಓಡುತ್ತೇವೆ. ದಿರಹಂ ಡಾಲರಿನ ಕೈ ಹಿಡಿದಿದೆ, ಒಂದು ಡಾಲರಿಗೆ 3.67, ಅಲುಗಾಡುವುದಿಲ್ಲ. ಬೀಳುವ ಕೆಲಸವೆಲ್ಲ ನಮ್ಮದೇ. ಸಾಲಿನಲ್ಲಿ ನಿಂತವರ ಮುಖದಲ್ಲಿ ಗೆಲುವು, ಬಾಯಲ್ಲಿ "ಛೆ, ದೇಶದ ಗತಿ ನೋಡಿ!" ಊರಲ್ಲಿ ಮನೆ ಕಟ್ಟುವ ಸಾಲವಿದ್ದವನಿಗೆ ಬೇರೆ ದಾರಿಯೂ ಇಲ್ಲ ಬಿಡಿ.

ಕಾಯಿಲೆ ಉಲ್ಟಾ ಹೊಡೆಯುವುದು ರಜೆಗೆ ಹೋದಾಗ. ಇಷ್ಟು ಕಾಲ ಗುಣಿಸಿದವರು ಅಲ್ಲಿ ಭಾಗಿಸಲು ಶುರು ಮಾಡುತ್ತಾರೆ. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಅಂಜಲ್ ಕಿಲೋಗೆ ಸಾವಿರ ಅಂದರು. ನಾನು ಹೌಹಾರಿದೆ. ಹೆಂಡತಿ ಮನಸ್ಸಿನಲ್ಲೇ ಭಾಗಿಸಿ, ಬಾಯಿಬಿಟ್ಟು, "ನೋಡಿ, ಬರೀ ನಲವತ್ಮೂರು ದಿರಹಂ ಅಲ್ವಾ!" ಎಂದಳು. ಮೀನಿನ ಹೆಂಗಸಿನ ಕಿವಿ ಚುರುಕು. "ದುಬೈಯರಾ ಅಮ್ಮಾ? ಹಾಂಗಾರ್ ಈ ದೊಡ್ಡದೇ ತಕಣಿ" ಎಂದು ಬುಟ್ಟಿಯ ಅಡಿಯಿಂದ ಇನ್ನೊಂದನ್ನು ಎತ್ತಿದಳು. ಅಲ್ಲಿ ದುಬೈಯವರು, ಇಲ್ಲಿ ಊರಿನವರು. ಮಗ್ಗಿ ಮಾತ್ರ ಎರಡೂ ಕಡೆ ಜೊತೆಗೆ ಬರುತ್ತದೆ.

ನೀವು ಈ ಕಡೆ ಬರುವುದಿದ್ದರೆ ಒಂದು ಮಾತು. ಬುರ್ಜ್ ಖಲೀಫಾ, ಮಾಲು, ಮರಳಿನ ಸಫಾರಿ ಎಲ್ಲವನ್ನೂ ನೋಡಿ, ಏಜೆಂಟರು ಬಿಡುವುದೂ ಇಲ್ಲ. ಆದರೆ ಸಂಜೆ ಹೊತ್ತು ಬರ್ ದುಬೈಯ ದಕ್ಕೆಗೆ ಬಂದು ಅಬ್ರಾ ಹತ್ತಿ. ಇಪ್ಪತ್ತು ಜನ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಮರದ ದೋಣಿ. ಖಾರಿ ದಾಟಿಸಿ ಡೇರಾಕ್ಕೆ ಬಿಡುತ್ತದೆ, ಮಸಾಲೆ ಪೇಟೆ ಅಲ್ಲೇ ಎದುರಿಗೆ. ದರ 1 ದಿರಹಂ. ನಾಣ್ಯ ಕಿಸೆಯಲ್ಲಿ ಮೊದಲೇ ಇಟ್ಟುಕೊಳ್ಳಿ, ನಡುನೀರಿನಲ್ಲಿ ದೋಣಿಯವನು ಕೈ ಚಾಚಿದಾಗ ಚಿಲ್ಲರೆ ಹುಡುಕುವುದು ಕಷ್ಟ. ಗುಣಿಸಿ ನೋಡಿದರೂ ಇಪ್ಪತ್ತು ಚಿಲ್ಲರೆ ರೂಪಾಯಿ. ಅಷ್ಟಕ್ಕೆ ಇಲ್ಲಿ ಇನ್ನೇನೂ ಇಷ್ಟು ಚೆನ್ನಾಗಿರುವುದು ಸಿಗುವುದಿಲ್ಲ.